ಗೆಳೆಯನಿಗೊಂದು ಪತ್ರ: ಒರ್ಲ್ಯಾಂಡೊದಿಂದ ಒಂದು ದಿನ ಕಡಲಿಗೆ

ಸಾಗರ,
ಆಷಾಢದ ಒಂದು ಮಧ್ಯಾಹ್ನ

ಪ್ರಿಯ ಗೆಳೆಯ,

ನಿನ್ನ ಸಂದೇಶ ಬಂದು ಮೂರು ದಿನವಾಯಿತು. ಇಲ್ಲಿ ಗಾಳಿಮಳೆಗೆ ಎರಡು ಕಂಬ ಉರುಳಿ ಕರೆಂಟು ಹೋಗಿತ್ತು. ಮೊಬೈಲಿಗೆ ಜೀವ ಬಂದದ್ದು ಇವತ್ತು ಬೆಳಿಗ್ಗೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಬಂದವರು ಮಳೆ ಹೊಳವಾಗಲಿ ಎಂದು ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದಾರೆ. ನನಗೂ ಬೇರೆ ಕೆಲಸವಿಲ್ಲ. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೋ.

ದಸರಾ ರಜೆಗೆ ಮಗಳ ಮನೆ, ಅಲ್ಲಿಂದ ಎಲ್ಲರೂ ಸೇರಿ ಒಂದು ವಾರ ಅಮೆರಿಕದ ಒರ್ಲ್ಯಾಂಡೊ. ಥೀಮ್ ಪಾರ್ಕುಗಳ ನಡುವೆ ಒಂದು ದಿನ ಕಡಲು. ಮಗಳು ನಾಲ್ಕು ಬೀಚುಗಳ ಹೆಸರು ಕಳಿಸಿದ್ದಾಳೆ, ಯಾವುದನ್ನು ಆರಿಸಲಿ? ಇಷ್ಟೇ ತಾನೇ ನಿನ್ನ ಪ್ರಶ್ನೆ. ಕಳೆದ ಮೇ ತಿಂಗಳಲ್ಲಿ ನಾವು ಏಳು ಮಂದಿ ಹೋಗಿದ್ದಾಗ ಇದೇ ಪ್ರಶ್ನೆಗೆ ಎರಡು ರಾತ್ರಿ ಚರ್ಚೆ ನಡೆದಿತ್ತು. ಕೊನೆಗೆ ತೀರ್ಮಾನ ಕೊಟ್ಟವಳು ಎಪ್ಪತ್ತಾರು ವರ್ಷದ ನನ್ನ ಅಮ್ಮ.

ಮೊದಲು ಒಂದು ಮಾತು. ಆ ಒಂದು ದಿನವನ್ನು ಕೊನೆಗೆ ಇಟ್ಟುಕೊಳ್ಳಬೇಡ, ನಡುವೆ ಇಡು. ಡಿಸ್ನಿಯವರ ಜಾಗವೇ ನೂರು ಚದರ ಕಿಲೋಮೀಟರಿಗೆ ಕಡಿಮೆಯಿಲ್ಲ. 1971ರಲ್ಲಿ ಒಂದು ಪಾರ್ಕಿನಿಂದ ಶುರುವಾದದ್ದು ಈಗ ನಾಲ್ಕಾಗಿದೆ. ಸಾಲದೆಂಬಂತೆ ಯುನಿವರ್ಸಲ್‌ನವರು 2025ರಲ್ಲಿ ಇನ್ನೊಂದು ಹೊಸದನ್ನು ತೆರೆದಿದ್ದಾರೆ. ಮೂರು ದಿನ ನಡೆದು, ಸಾಲಿನಲ್ಲಿ ನಿಂತು, ಮತ್ತೆ ನಡೆದ ಮೇಲೆ ನನ್ನ ಮೊಮ್ಮಗನೇ "ಅಜ್ಜ, ನಾಳೆ ಸುಮ್ಮನೆ ಮಲಗೋಣ" ಎಂದ. ಎಂಟು ವರ್ಷದ ಹುಡುಗ! ಹಲವು ದಿನಗಳ ಟಿಕೆಟ್ಟನ್ನು ಬೆನ್ನುಬೆನ್ನಿಗೇ ಬಳಸಬೇಕೆಂದಿಲ್ಲ, ನಡುವೆ ಬಿಡುವು ಕೊಡಬಹುದು. ದಿನ ಹೆಚ್ಚಿದಂತೆ ದಿನವೊಂದರ ದರ ಇಳಿಯುವುದರಿಂದ ಒಂದು ದಿನ ಪಾರ್ಕು ತಪ್ಪಿಸಿದರೆ ದೊಡ್ಡ ಉಳಿತಾಯವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ. ಉಳಿಯುವುದು ಕಾಲಿನ ಕಸುವು.

ಈಗ ನಕ್ಷೆ ನೋಡು. ಫ್ಲಾರಿಡಾ ಎಂದರೆ ಸಮುದ್ರಕ್ಕೆ ಚಾಚಿದ ನಾಲಗೆ. ಒರ್ಲ್ಯಾಂಡೊ ಅದರ ನಟ್ಟನಡುವೆ ಇದೆ. ಎರಡು ಕಡೆ ಕಡಲು, ಊರಿಗೆ ಮಾತ್ರ ಕಡಲಿಲ್ಲ. ಪೂರ್ವಕ್ಕೆ ಅಟ್ಲಾಂಟಿಕ್, ಅಲ್ಲಿನ ಕೊಕೊ ಬೀಚಿಗೆ ಹೆಚ್ಚು ಕಡಿಮೆ ನಮ್ಮ ಸಾಗರದಿಂದ ಹೊನ್ನಾವರಕ್ಕೆ ಇರುವಷ್ಟೇ ದೂರ. ಪಶ್ಚಿಮಕ್ಕೆ ಮೆಕ್ಸಿಕೊ ಕೊಲ್ಲಿ; ಅಲ್ಲಿನ ಕ್ಲಿಯರ್‌ವಾಟರ್‌ಗೆ ಅದರ ಒಂದೂವರೆ ಪಟ್ಟು.

ಮಗ, ಸೊಸೆ ಇಬ್ಬರ ಮತವೂ ಕ್ಲಿಯರ್‌ವಾಟರ್‌ಗೆ. ಚಿತ್ರ ನೋಡಿದರೆ ಯಾರೂ ಸೋಲಬೇಕು. ಮರಳೆಲ್ಲ ಸ್ಫಟಿಕಶಿಲೆಯ ಪುಡಿ, ಸಣ್ಣ ರವೆಯ ಹಾಗೆ ಬೆಳ್ಳಗೆ. ನೀರು ಕೆರೆಯಂತೆ ಶಾಂತ. ಎಷ್ಟು ದೂರ ಹೋದರೂ ಸೊಂಟ ಮುಟ್ಟುವುದಿಲ್ಲ ಎಂದು ಸೊಸೆ ಹೇಳಿದಳು. ತೊಂದರೆ ಏನೆಂದರೆ ಟ್ಯಾಂಪಾ ನಗರವನ್ನು ದಾಟಿಕೊಂಡು ಹೋಗಬೇಕು, ಆಮೇಲೆ ಬೀಚಿರುವ ದ್ವೀಪಕ್ಕೆ ಸೇತುವೆಯ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಶನಿವಾರ, ಭಾನುವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಪ್ರವಾಸವಂತೆ.

ಡೇಟೋನಾ ಮತ್ತು ನ್ಯೂ ಸ್ಮಿರ್ನಾವನ್ನು ನಾನೇ ಹೊಡೆದುಹಾಕಿದೆ. ಎರಡೂ ಕಡೆ ಗಟ್ಟಿ ಮರಳಿನ ಮೇಲೆ ಕಾರು ಓಡಿಸಲು ಬಿಡುತ್ತಾರೆ. ಕೆಲವರಿಗೆ ಅದೇ ಮೋಜು. ಮರಳಿನಲ್ಲಿ ಓಡುವ ಐದು ವರ್ಷದ ಮೊಮ್ಮಗಳ ಹಿಂದೆ ಓಡಬೇಕಾದ ಅಜ್ಜನಿಗೆ ಅಲ್ಲ. ಇನ್ನು ನ್ಯೂ ಸ್ಮಿರ್ನಾ ಇರುವ ಜಿಲ್ಲೆ ಶಾರ್ಕ್ ಕಚ್ಚುವುದಕ್ಕೆ ಹೆಸರುವಾಸಿ. ಹೆಚ್ಚಿನವು ಸಣ್ಣ ಗಾಯಗಳು, ಜೀವಕ್ಕೆ ಅಪಾಯವಿಲ್ಲದವು. ಆದರೂ ಈ ವಿಷಯವನ್ನು ಅತ್ತಿಗೆಯ ಕಿವಿಗೆ ಹಾಕಬೇಡ. ನಾನು ಹಾಕಿ ಅನುಭವಿಸಿದ್ದೇನೆ.

ಹೀಗೆ ಕ್ಲಿಯರ್‌ವಾಟರ್ ಎಂದೇ ನಿಶ್ಚಯವಾಗುವುದರಲ್ಲಿತ್ತು. ಮಂಚದ ಮೇಲೆ ಕುಳಿತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅಮ್ಮ ಕೇಳಿದಳು: "ಅಲ್ಲಿ ಸೂರ್ಯ ಮುಳುಗುವುದು ಕಡಲಿಗೋ, ನೆಲಕ್ಕೋ?"

"ಕಡಲಿಗೇ ಅಜ್ಜಿ, ತುಂಬಾ ಚೆನ್ನಾಗಿರುತ್ತದಂತೆ" ಎಂದ ಮಗ.

"ಮುಳುಗುವುದನ್ನು ಮುರ್ಡೇಶ್ವರದಲ್ಲಿ ನೋಡಿದ್ದೇನೆ. ಹುಟ್ಟುವುದನ್ನು ತೋರಿಸುವ ಕಡಲು ಯಾವುದು?"

ಯಾರಿಗೂ ಮಾತು ಹೊರಡಲಿಲ್ಲ. ಯೋಚಿಸಿ ನೋಡು, ನಮಗೆ ಕಡಲು ಎಂದರೆ ಪಡುವಣ. ಆಗುಂಬೆಯಲ್ಲಿ ನಿಂತರೂ ಮರವಂತೆಯಲ್ಲಿ ನಿಂತರೂ ನಾವು ಕಂಡದ್ದು ಸೂರ್ಯ ಇಳಿಯುವುದನ್ನು. ನಮ್ಮ ಮನೆಯಲ್ಲಂತೂ ಅವನು ಗುಡ್ಡ ಹತ್ತಿ, ಅಡಿಕೆ ಮರದ ತಲೆ ದಾಟಿ ಅಂಗಳಕ್ಕೆ ಬರುವಾಗ ಎಂಟು ಗಂಟೆ; ಆಗಲೇ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತಾನೆ. ಕೊಕೊ ಬೀಚ್ ಎಂದು ಅಲ್ಲೇ ತೀರ್ಮಾನವಾಯಿತು.

ಬೆಳಗಿನ ನಾಲ್ಕೂಮುಕ್ಕಾಲಿಗೆ ಹೊರಟೆವು. ಹಿಂದಿನ ರಾತ್ರಿಯೇ ನನ್ನವಳು ಮೊಸರವಲಕ್ಕಿ ಕಲಸಿ, ಮಿಡಿ ಉಪ್ಪಿನಕಾಯಿ, ಚಕ್ಕುಲಿ ಕಟ್ಟಿಟ್ಟಿದ್ದಳು. ಗೇರುಸೊಪ್ಪೆ ಘಟ್ಟ ಇಳಿಯುವಾಗ ವಾಂತಿ ಬಾರದಿರಲೆಂದು ಮೂಸಿ ನೋಡಲು ಹಿಡಿಯುತ್ತಾಳಲ್ಲ, ಅಭ್ಯಾಸಬಲದಿಂದ ಒಂದು ನಿಂಬೆಹಣ್ಣನ್ನೂ ಹಿಡಿದಿದ್ದಳು. 528 ಎಂಬ ಆ ಟೋಲ್ ರಸ್ತೆಯಲ್ಲಿ ಹೇಳಿಕೊಳ್ಳಲು ಒಂದು ತಿರುವಿಲ್ಲ. ನಿಂಬೆಹಣ್ಣು ಹಾಗೆಯೇ ವಾಪಸು ಬಂತು. ಟೋಲ್ ಎಂದಾಗ ನೆನಪಾಯಿತು, ಬಾಡಿಗೆ ಕಾರಾದರೆ ಟೋಲಿನ ಲೆಕ್ಕ ಹೇಗೆಂದು ನಿನ್ನ ಅಳಿಯ ಮೊದಲೇ ಕೇಳಿಕೊಳ್ಳಲಿ. ನಮಗೆ ಕಾರು ಕೊಟ್ಟವರು ಟೋಲಿನ ಮೇಲೆ ತಮ್ಮದೊಂದು ಸೇವಾಶುಲ್ಕ ಸೇರಿಸಿ ತಿಂಗಳ ಮೇಲೆ ಬಿಲ್ ಕಳಿಸಿದರು.

ಕಡಲು ಸಿಗುವ ಮೊದಲು ಎರಡು ಉದ್ದನೆಯ ಹಿನ್ನೀರುಗಳನ್ನು ದಾಟಬೇಕು. ಇಂಡಿಯನ್ ರಿವರ್, ಬನಾನಾ ರಿವರ್ ಎಂದು ಹೆಸರು, ಹೆಸರಿಗಷ್ಟೇ ಹೊಳೆ. ನಸುಕಿನಲ್ಲಿ ರಸ್ತೆಯ ಎರಡೂ ಪಕ್ಕ ನೀರು ಹೊಳೆಯುವುದನ್ನು ಕಂಡು ಅಮ್ಮ "ಇದು ಮರವಂತೆಯೇ" ಎಂದಳು.

ನಾವು ಮರಳಿಗೆ ಇಳಿದಾಗ ಆಕಾಶದ ಬುಡ ಕೆಂಪಾಗುತ್ತಿತ್ತು. ಅಮ್ಮ ಚಪ್ಪಲಿ ಬಿಟ್ಟು, ಸೀರೆಯ ನಿರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಮೊಮ್ಮಗನ ಭುಜ ಹಿಡಿದು ಒದ್ದೆ ಮರಳಿನವರೆಗೆ ಹೋದಳು. ಆರೂವರೆಯ ಹೊತ್ತಿಗೆ ನೀರಿನ ಅಂಚಿನಲ್ಲಿ ಉಗುರಿನಷ್ಟು ಕಂಡಿತು. ಮತ್ತೆ ನೋಡಿದರೆ ಅರ್ಧ. ಸೂರ್ಯ ಇಷ್ಟು ಬೇಗ ಬೇಗ ಏರುತ್ತಾನೆಂದು ನನಗೂ ಗೊತ್ತಿರಲಿಲ್ಲ. ಅಮ್ಮ ಬಗ್ಗಿ ಬೊಗಸೆಯಲ್ಲಿ ನೀರು ತುಂಬಿ ಮೂರು ಸಲ ಅರ್ಘ್ಯ ಬಿಟ್ಟಳು. ಅಲೆಯ ಮೇಲೆ ಜಾರುವ ಹಲಗೆಯನ್ನು ಕಂಕುಳಲ್ಲಿ ಹಿಡಿದು ನೀರಿಗಿಳಿಯಲು ಬಂದ ಒಬ್ಬ ಹುಡುಗ, ಅವಳ ಎದುರು ಹಾಯಬಾರದೆಂದು ತೋರಿತೋ ಏನೋ, ಅವಳು ಮುಗಿಸುವವರೆಗೆ ನಿಂತು ಆಮೇಲೆ ಇಳಿದ. ಅಮ್ಮ ತಿರುಗಿ ಅವನಿಗೆ ಶುದ್ಧ ಕನ್ನಡದಲ್ಲಿ "ಜೋಪಾನ" ಎಂದಳು.

ಬೆಳಕು ಹರಿದ ಮೇಲೆ ಮೊಮ್ಮಗ ಮರಳಿನ ಮೇಲೆ ಟ್ರ್ಯಾಕ್ಟರ್ ಗಾಲಿಯ ಗುರುತು ಕಂಡೆನೆಂದು ಕೂಗಿದ. ಹೋಗಿ ನೋಡಿದರೆ ಕಡಲಿನಿಂದ ಬಂದು ಕಡಲಿಗೇ ಹೋಗಿತ್ತು. ರಾತ್ರಿ ಮೊಟ್ಟೆಯಿಡಲು ಬಂದ ಕಡಲಾಮೆಯದು. ಆ ಕರಾವಳಿಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಲಾಗರ್‌ಹೆಡ್ ಆಮೆಗಳು ಮೊಟ್ಟೆಯಿಡುವ, ಜಗತ್ತಿನಲ್ಲೇ ದೊಡ್ಡದೆನ್ನಬಹುದಾದ ಜಾಗಗಳಲ್ಲಿ ಒಂದಿದೆ. ಅದಕ್ಕಾಗಿಯೇ 1991ರಲ್ಲಿ ರಕ್ಷಿತ ತಾಣ ಮಾಡಿದ್ದಾರೆ. ಗೂಡುಗಳ ಸುತ್ತ ಗೂಟ ನೆಟ್ಟು ಪಟ್ಟಿ ಕಟ್ಟಿರುತ್ತಾರೆ, ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಬೇಲಿ ಕಟ್ಟಿ ಕಾಯುವಂತೆ. ಮಕ್ಕಳು ತೋಡಿದ ಗುಂಡಿಯನ್ನು ಹೊರಡುವ ಮುಂಚೆ ಮುಚ್ಚಬೇಕು, ಇಲ್ಲವಾದರೆ ರಾತ್ರಿ ಆಮೆ ಬೀಳುತ್ತದೆ. ನೀನು ಹೋಗುವ ಅಕ್ಟೋಬರ್ ಹೊತ್ತಿಗೆ ಆ ಕಾಲ ಮುಗಿಯುತ್ತ ಬಂದಿರುತ್ತದೆ. ಆದರೂ ಗುಂಡಿ ಮುಚ್ಚಿಸು.

ಚಕ್ಕುಲಿಯ ಕಥೆ ಚಿಕ್ಕದು. ಡಬ್ಬದ ಮುಚ್ಚಳ ತೆಗೆದು ನಾನು ಒಂದನ್ನು ಬಾಯಿಯವರೆಗೆ ಒಯ್ದಿದ್ದೆ. ಹಿಂದಿನಿಂದ ಬಂದ ಕಡಲಹಕ್ಕಿ ಬೆರಳಿಗೆ ಗಾಯವಾಗದ ಹಾಗೆ ಅದನ್ನು ಎತ್ತಿಕೊಂಡು ಹೋಯಿತು. ಎರಡು ನಿಮಿಷದಲ್ಲಿ ಅದರ ನೆಂಟರಿಷ್ಟರೆಲ್ಲ ಬಂದರು. ತಿನ್ನುವುದೇನಿದ್ದರೂ ಕಾರಿನಲ್ಲಿ ತಿನ್ನಿ.

ಈ ಕಡಲು ಕ್ಲಿಯರ್‌ವಾಟರ್‌ನಂತೆ ಶಾಂತವಲ್ಲ, ಅಲೆ ಇರುತ್ತದೆ. ಕಾವಲಿನವರ ಗೋಪುರದ ಎದುರಿಗೇ ಇಳಿಯಿರಿ, ಬಾವುಟ ನೋಡಿ ಇಳಿಯಿರಿ. ಹಸಿರಾದರೆ ಸರಿ, ಹಳದಿಯಾದರೆ ಎಚ್ಚರ, ಕೆಂಪಾದರೆ ಮೊಣಕಾಲಿನವರೆಗೆ ಸಾಕು, ಎರಡು ಕೆಂಪು ಹಾರುತ್ತಿದ್ದರೆ ನೀರು ಮುಟ್ಟುವ ಹಾಗಿಲ್ಲ. ನೇರಳೆ ಬಣ್ಣವಿದ್ದರೆ ಲೋಳೆಮೀನಿನಂಥವು ಬಂದಿವೆ ಎಂದರ್ಥ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಗುದ್ದಾಡದೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಬೇಕು. ತುಂಗೆಯಲ್ಲಿ ಈಜು ಕಲಿತವನಿಗೆ ಇದನ್ನು ಹೇಳಬೇಕಾಗಿಲ್ಲ, ನಿನ್ನ ಅಳಿಯನಿಗೆ ಹೇಳು.

ಹತ್ತೂವರೆಗೇ ಎದ್ದುಬಿಟ್ಟೆವು. ಬೇಸಿಗೆಯಲ್ಲಿ ಅಲ್ಲಿ ಎರಡೂ ಕಡಲಿನ ಗಾಳಿ ಒಳನಾಡಿಗೆ ನುಗ್ಗಿ ನಡುವೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮಧ್ಯಾಹ್ನವಾಗುತ್ತಲೇ ಮೋಡ ಕಟ್ಟಿ ಗುಡುಗು. ನಮ್ಮ ಮಳೆಗೆ ವಾರದ ಲೆಕ್ಕ, ಅಲ್ಲಿಯದಕ್ಕೆ ನಿಮಿಷದ ಲೆಕ್ಕ. ಆದರೆ ಸಿಡಿಲು ಮಾತ್ರ ತಮಾಷೆಯಲ್ಲ, ಗುಡುಗು ಕೇಳಿಸಿದರೆ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಾರೆ. ಅಕ್ಟೋಬರ್‌ನಲ್ಲಿ ಈ ಕಾಟ ಕಡಿಮೆ. ಬದಲಿಗೆ ಚಂಡಮಾರುತದ ಕಾಲ ನವೆಂಬರ್ ಕೊನೆಯವರೆಗೂ ಇರುತ್ತದೆ. ರದ್ದು ಮಾಡಿದರೆ ಹಣ ವಾಪಸು ಬರುವಂಥ ಕೋಣೆಯನ್ನೇ ಹಿಡಿಯಿರಿ.

ಇಲ್ಲಿಗೆ ಹೋಟೆಲಿಗೆ ಮರಳಿದ್ದರೆ ಜಾಣರಾಗುತ್ತಿದ್ದೆವು. "ಇಷ್ಟು ಹತ್ತಿರ ಬಂದಿದ್ದೇವೆ, ಕೆನಡಿ ಬಾಹ್ಯಾಕಾಶ ಕೇಂದ್ರ ನೋಡಿಯೇ ಹೋಗೋಣ" ಎಂದು ಹಟ ಹಿಡಿದವನು ನಾನೇ. ಏಳು ಟಿಕೆಟ್ ಕೊಂಡದ್ದಾಯಿತು. 2011ರಲ್ಲಿ ಕೊನೆಯ ಯಾನ ಮುಗಿಸಿದ ಅಟ್ಲಾಂಟಿಸ್ ನೌಕೆಯನ್ನು ಓರೆಯಾಗಿ ತೂಗುಹಾಕಿದ್ದಾರೆ, ನಿಜಕ್ಕೂ ನೋಡಬೇಕಾದದ್ದು. ಅದರ ಕೆಳಗೆ ನನ್ನ ಹೆಗಲ ಮೇಲೆ ಮೊಮ್ಮಗಳು ನಿದ್ದೆ, ಬೆಂಚಿನ ಮೇಲೆ ಅಮ್ಮ ನಿದ್ದೆ, ಮೈತುಂಬ ಉಪ್ಪು ಮರಳು. ಉಳಿದದ್ದೇನನ್ನೂ ನೋಡದೆ ಹೊರಬಂದೆವು. ಅದಕ್ಕೆ ಬೇರೆಯೇ ಒಂದು ದಿನ ಕೊಡು, ಇಲ್ಲವೇ ಬಿಟ್ಟುಬಿಡು.

ಈಗ ನಿನ್ನ ವಿಷಯ. ನಿನ್ನ ಬಳಗದಲ್ಲಿ ಮಂಡಿನೋವಿನ ಅಪ್ಪಯ್ಯ ಇದ್ದಾರೆ, ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಮಗುವೊಂದೇ ಮುಖ್ಯವಾದರೆ, ಹೋಗುವುದು ವಾರದ ನಡುವಿನ ದಿನವಾದರೆ, ಕ್ಲಿಯರ್‌ವಾಟರ್‌ಗೆ ನನ್ನ ತಕರಾರಿಲ್ಲ. ಆದರೆ ಅಪ್ಪಯ್ಯ ಮೆತ್ತನೆಯ ಮರಳಿನಲ್ಲಿ ಹತ್ತು ಹೆಜ್ಜೆ ಇಡುವುದೂ ಕಷ್ಟ. ಅವರನ್ನು ಕಾರಿನ ಹತ್ತಿರ ಕೂರಿಸಿ ನೀವೆಲ್ಲ ನೀರಿನಲ್ಲಿ ಆಡುವುದನ್ನು ನನಗೆ ಊಹಿಸಿಕೊಳ್ಳಲಾಗುವುದಿಲ್ಲ. ಕೊಕೊ ಬೀಚಿನ ಪಕ್ಕದಲ್ಲೇ, ಪೋರ್ಟ್ ಕೆನವೆರಲ್ ಬಂದರಿನ ಬಾಯಲ್ಲಿ ಜೆಟಿ ಪಾರ್ಕ್ ಎಂಬ ಜಾಗವಿದೆ. ನಿನ್ನ ಮಗಳ ಪಟ್ಟಿಯಲ್ಲಿ ಅದಿಲ್ಲ. ಅಲ್ಲಿ ಕಡಲಿನೊಳಕ್ಕೆ ಉದ್ದಕ್ಕೆ ಕಟ್ಟಿದ, ಗಾಳ ಹಾಕುವವರ ಕಟ್ಟೆಯಿದೆ. ಮರಳು ತುಳಿಯದೆ ನಡೆದುಹೋಗಬಹುದು. ಪಕ್ಕದಲ್ಲೇ ಮಕ್ಕಳು ಆಡುವಷ್ಟು ಬೀಚು ಇದೆ. ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಎದುರಿಗೇ ಹಾದುಹೋಗುತ್ತವೆ. ರಾಕೆಟ್ ಹಾರುವ ದಿನವಾದರೆ ಅದನ್ನೂ ಅಲ್ಲಿಂದಲೇ ನೋಡುತ್ತಾರೆ. ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತಾರೆ, ಗಾಲಿಕುರ್ಚಿ ಸಿಗುತ್ತದೆಯೇ ಎಂದು ಮಗಳು ಒಂದು ಫೋನ್ ಮಾಡಿ ಕೇಳಲಿ.

ಇನ್ನೊಂದು ಅನುಕೂಲ. ಅಕ್ಟೋಬರ್‌ನಲ್ಲಿ ಅಲ್ಲಿ ಸೂರ್ಯ ಏಳುವುದೇ ಏಳು ಗಂಟೆ ದಾಟಿದ ಮೇಲೆ. ನಮ್ಮ ಹಾಗೆ ನಾಲ್ಕೂಮುಕ್ಕಾಲಿಗೆ ಹೊರಡಬೇಕಾಗಿಲ್ಲ, ಐದೂವರೆ ಸಾಕು. ಅಪ್ಪಯ್ಯನ ಬೆಳಗಿನ ಕಾಫಿ ಈಗಲೂ ಐದಕ್ಕೇ ತಾನೇ? ಕೇಳಿ ತಿಳಿಸು.

ಮಳೆ ಹೊಳವಾಯಿತು. ಜಗಲಿಯವರು ಎದ್ದು ದೋಟಿಗೆ ಪೈಪು ಕಟ್ಟುತ್ತಿದ್ದಾರೆ, ನಾನೂ ಹೊರಡುತ್ತೇನೆ. ಚಕ್ಕುಲಿ ಬೇಕಾದರೆ ಹೇಳು, ನನ್ನವಳು ಮಾಡಿ ಬಸ್ಸಿನಲ್ಲಿ ಕಳಿಸುತ್ತಾಳಂತೆ.

ನಿನ್ನವ