ಏಣಿಯ ಬುಡದಲ್ಲಿ ನಿಂತವರಿಗೂ ಎರಡು ಕೈ ಇದ್ದವು

ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಕರಿಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ಕಾರ್ಮಿಕ ಸಾವು ಅಂತ. ಇಂಥ ಸುದ್ದಿ ಕೊಡಗಿನವರಿಗೆ ಹೊಸದಲ್ಲ. ಮೆಣಸಿನ ಕಾಲ ಬಂತೆಂದರೆ ಎಲ್ಲೋ ಒಂದು ಕಡೆ ಆಗಿರುತ್ತದೆ, ಓದಿ ಪುಟ ತಿರುಗಿಸುತ್ತೇವೆ. ಈ ಸಲ ನನ್ನಿಂದ ಆಗಲಿಲ್ಲ. ಅದು ನಮ್ಮ ಪಕ್ಕದ ತೋಟ, ಬೇಲಿ ದಾಟಿದರೆ ಅಷ್ಟೇ. ನಾನು ಅಲ್ಲಿದ್ದೆ.

ಕೂಗು ಕೇಳಿ ಓಡಿದಾಗ ಏಣಿ ಲೈನ್ ಬಿಟ್ಟು ಕೆಳಗೆ ಬಿದ್ದಿತ್ತು. ತೋಟದ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸಿದ್ದರು. ಹುಡುಗ ಕಾಫಿ ಗಿಡಗಳ ಮಧ್ಯೆ ಅಂಗಾತ ಬಿದ್ದಿದ್ದ. ಒಬ್ಬ ಅಂಗಾಲು ಉಜ್ಜುತ್ತಿದ್ದ, ಇನ್ನೊಬ್ಬ ಬಾಯಿಗೆ ನೀರು ಬಿಡಲು ನೋಡುತ್ತಿದ್ದ, ನಾನು ಟವೆಲ್ ಬೀಸಿ ಗಾಳಿ ಹಾಕಿದೆ. ಹೌದು, ಗಾಳಿ! ಅವನು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯ ಹಾಗೆ ಸದ್ದು ಮಾಡುತ್ತಿದ್ದ. ‘ಉಸಿರಿದೆ, ಉಸಿರಿದೆ’ ಅಂದೆವು. ಸಮಾಧಾನವೂ ಆಯಿತು. ಸಿಗ್ನಲ್ ಹುಡುಕಿಕೊಂಡು ಒಬ್ಬ ಗುಡ್ಡ ಹತ್ತಿ 108ಕ್ಕೆ ಫೋನ್ ಮಾಡಿದ. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಕೊನೆಗೆ ಪಿಕಪ್‌ನಲ್ಲಿ ಮಲಗಿಸಿ, ತಿರುವು ತಿರುವು ರಸ್ತೆಯಲ್ಲಿ ಮುಕ್ಕಾಲು ಗಂಟೆ ಹೋದೆವು. ಅಷ್ಟು ಹೊತ್ತೂ ಆರು ಜನ ಅವನ ಕೈಕಾಲು ಹಿಡಿದು ಕೂತಿದ್ದೆವು. ಎದೆ ಮೇಲೆ ಯಾರೂ ಕೈ ಇಡಲಿಲ್ಲ.

ನನ್ನ ತಂಗಿಯ ಮಗಳು ನರ್ಸ್. ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, ‘ಮಾವ, ಅದು ಉಸಿರಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಬಾಯಿ ಬಿಡ್ತಾರೆ. ಆಗಲೇ ಎದೆ ಒತ್ತೋಕೆ ಶುರು ಮಾಡಬೇಕಿತ್ತು.’ ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಭಾನುವಾರ ಬಂದು ದಿಂಬಿನ ಮೇಲೆ ತೋರಿಸಿಕೊಟ್ಟಳು. ಮೊದಲು ಕರೆಂಟ್ ನಿಂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಹತ್ತಿರ ಹೋಗಲೇಬಾರದು. ದೊಡ್ಡ ಲೈನ್ ಆದರೆ ಒಣ ಕೋಲನ್ನೂ ನಂಬುವ ಹಾಗಿಲ್ಲ, ಉಳಿಸಲು ಹೋದವನೂ ಹೋಗುತ್ತಾನೆ. ಆಮೇಲೆ ಭುಜ ತಟ್ಟಿ ಕೂಗಬೇಕು. ಎಚ್ಚರವಿಲ್ಲ, ಸರಿಯಾದ ಉಸಿರಿಲ್ಲ ಅಂದರೆ ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಬೇಕು, ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಮಂಡಿಯೂರಬೇಕು. ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧಕ್ಕೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಮೈಭಾರ ಹಾಕಿ ಒತ್ತಬೇಕು. ದೊಡ್ಡವರಿಗಾದರೆ 5 ಸೆಂ.ಮೀ., ಅಂದರೆ 2 ಇಂಚು ಇಳಿಯಬೇಕು, 6 ಸೆಂ.ಮೀ. ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ತರಬೇತಿ ಆದವರು 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡುತ್ತಾರೆ. ಗೊತ್ತಿಲ್ಲದವರು ಸುಮ್ನೆ ಒತ್ತುತ್ತಾ ಇದ್ದರೂ ಸಾಕಂತೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ನಾನು ಒಂದೇ ನಿಮಿಷಕ್ಕೆ ಬೆವೆತೆ, ನನಗೆ ಅರವತ್ತೆರಡು.

‘ಪಕ್ಕೆಲುಬು ಮುರಿದರೆ?’ ಅಂದೆ. ‘ಮುರಿಯಬಹುದು ಮಾವ. ಆ ನೋವು ಗೊತ್ತಾಗೋಕೆ ಅವನು ಬದುಕಿರಬೇಕಲ್ವಾ?’

ಅವಳು ಹೇಳಿದ ಇನ್ನೊಂದು ವಿಷಯ ನನಗೆ ನಿದ್ದೆ ಕೆಡಿಸಿತು. ಎದೆ ಒತ್ತುವ ಈ ಕ್ರಮವನ್ನು ಕಂಡುಕೊಂಡವರಲ್ಲಿ ಒಬ್ಬರು ಡಾಕ್ಟರೇ ಅಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವನ್. ಶಾಕ್ ಹೊಡೆದು ಸಾಯುತ್ತಿದ್ದ ಲೈನ್‌ಮ್ಯಾನ್‌ಗಳನ್ನು ಹೇಗೆ ಉಳಿಸಬಹುದು ಅನ್ನುವುದರಿಂದಲೇ ಅವರ ಕೆಲಸ ಶುರುವಾಗಿದ್ದು. ಸಹೋದ್ಯೋಗಿಗಳಾದ ಜೂಡ್, ನಿಕರ್‌ಬಾಕರ್ ಜೊತೆ ಸೇರಿ 1960ರಲ್ಲಿ ಅವರು ಬರೆದ ಲೇಖನದಲ್ಲಿ, ಇದಕ್ಕೆ ಬೇಕಿರುವುದು ಎರಡು ಕೈ ಮಾತ್ರ ಅಂತ ಇದೆಯಂತೆ. ಶಾಕ್ ಹೊಡೆದವರಿಗಾಗಿ ಹುಟ್ಟಿದ ವಿದ್ಯೆ ಇಷ್ಟು ವರ್ಷವಾದರೂ ನಮ್ಮ ಮೆಣಸಿನ ತೋಟಕ್ಕೆ ಬಂದಿಲ್ಲ.

ಪೇಟೆಯವರಿಗಿಂತ ನಮಗೆ ಇದು ಜಾಸ್ತಿ ಬೇಕು. ಹೃದಯ ನಿಂತು ನಾಲ್ಕೈದು ನಿಮಿಷಕ್ಕೆ ಮೆದುಳು ಹಾಳಾಗಲು ಶುರುವಾಗುತ್ತದೆ. ನಮ್ಮ ಕಾರ್ಮಿಕರ ಸಾಲುಮನೆಗಳಿಂದ (ಲೈನ್ ಮನೆ) ಟಾರು ರಸ್ತೆಗೆ ಬರಲೇ ಹತ್ತು ನಿಮಿಷ ಬೇಕು, ಮಳೆಗಾಲದ ಮಾತು ಬಿಡಿ. ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿದೆ, ಒಳ್ಳೆಯದೇ. ಆದರೆ ಆಸ್ಪತ್ರೆಯ ಬಾಗಿಲಿಗೆ ತಲುಪುವವರೆಗೆ ಏನು?

ಮೆಣಸು ಮುಗಿಯುತ್ತಿದ್ದ ಹಾಗೆ ಮರಕಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ಶುರು. ಅದೇ ಏಣಿ, ಅದೇ ಲೈನ್. ಅದಕ್ಕೆ ಮೊದಲು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಆರೋಗ್ಯ ಇಲಾಖೆಯವರು ಒಂದು ದಿನ ತರಬೇತಿ ಕೊಡಲಿ. ವೇದಿಕೆ, ಹಾರ, ಭಾಷಣ ಬೇಡ. ಬೊಂಬೆ ತನ್ನಿ, ಒತ್ತಿಸಿ. ನಮ್ಮಂಥ ಮಾಲೀಕರನ್ನಷ್ಟೇ ಕರೆದು ಫೋಟೋ ತೆಗೆಸಿಕೊಂಡು ಹೋಗಬೇಡಿ, ಏಣಿ ಹಿಡಿಯುವವರನ್ನು ಕರೆಯಿರಿ. ಅಸ್ಸಾಂನಿಂದ ಬಂದ ಹುಡುಗರಿಗೆ ಹಿಂದಿಯಲ್ಲಿ ಹೇಳಿ. ಬೆಳೆಗಾರರಿಗೂ ಒಂದು ಮಾತು: ಲೈನ್ ಹಾದುಹೋಗುವ ಕಡೆ ಅಲ್ಯೂಮಿನಿಯಂ ಏಣಿ ಒಯ್ಯಬೇಡಿ. ಹಗುರ ಅಂತ ನಾನೂ ಎರಡು ಕೊಂಡಿದ್ದೆ. ಈಗ ಶೆಡ್ಡಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ನಮ್ಮ ಕಾಫಿ ಕಣದಲ್ಲಿ ತಂಗಿಯ ಮಗಳು ಹೇಳಿಕೊಡುತ್ತಾಳೆ. ಅಕ್ಕಪಕ್ಕದ ತೋಟದವರಿಗೆಲ್ಲ ಹೇಳಿ ಕಳಿಸಿದ್ದೇನೆ. ಬೊಂಬೆ ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಗಟ್ಟಿ ದಿಂಬು ನಾಲ್ಕಿವೆ.

– ಒಬ್ಬ ಬೆಳೆಗಾರ, ಸಿದ್ದಾಪುರ, ಕೊಡಗು