ಎಲೆ ಮುಂದೆ ಕೂತು ಉಣ್ಣಲು ಹೆದರುವವರಿಗಾಗಿ ಒಂದು ಮನವಿ

ಊರಿನ ಬಂಧುಗಳಿಗೂ, ಬೆಂಗಳೂರು ಮಂಗಳೂರುಗಳಲ್ಲಿ ನೆಲೆಸಿ ವರ್ಷಕ್ಕೊಮ್ಮೆ ದೇವರ ಕಾರ್ಯಕ್ಕೆ ಬಂದುಹೋಗುವ ಭಕ್ತಾದಿಗಳಿಗೂ ನಮ್ಮ ದೇವಸ್ಥಾನದ ಸೇವಾ ಟ್ರಸ್ಟಿನ ನಮಸ್ಕಾರಗಳು.

ನಮ್ಮ ಪತ್ರ ಬಂತೆಂದರೆ ಮಾಡಿನ ಹಂಚಿಗೋ ತೇರಿನ ಗಾಲಿಗೋ ದುಡ್ಡು ಕೇಳುತ್ತಾರೆ ಎಂದು ನಿಮಗೆ ಗೊತ್ತು. ಈ ಸಲ ಕೇಳುತ್ತಿರುವುದು ಹೊಟ್ಟೆನೋವಿಗೆ. ನಗಬೇಡಿ, ಪೂರ್ತಿ ಓದಿ.

ನಮ್ಮ ಅನ್ನಸಂತರ್ಪಣೆಯಲ್ಲಿ ತಪ್ಪದೆ ಕೂರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಪಾಯಸಕ್ಕೆ ಮೂರು ಸಲ ಕೈ ಒಡ್ಡುವ ಪೈಕಿ. ಎರಡು ವರ್ಷದ ಹಿಂದೆ ಅವರು ನಾಲ್ಕು ತುತ್ತು ಉಂಡು ಎಲೆ ಮಡಚತೊಡಗಿದರು. ಅದನ್ನು ಮೊದಲು ಗಮನಿಸಿದ್ದು ಮನೆಯವರಲ್ಲ, ಬಡಿಸುವ ಹುಡುಗರು. ‘ಹಸಿವಿಲ್ವಾ ಮೇಷ್ಟ್ರೇ?’ ಎಂದರೆ, ‘ಹಸಿವಿದೆ ಮಾರಾಯ, ಉಣ್ಣೋಕೇ ಹೆದರಿಕೆ’ ಎಂದರು. ಉಂಡು ಅರ್ಧ ಗಂಟೆಯೊಳಗೆ ಹೊಕ್ಕುಳ ಸುತ್ತ ಹಿಂಡುವ ನೋವು ಶುರುವಾಗಿ ಎರಡು ಗಂಟೆ ಕಾಡುತ್ತಿತ್ತಂತೆ. ಎಂಟು ತಿಂಗಳಲ್ಲಿ 14 ಕೆ.ಜಿ. ಇಳಿದರು. ಎಂಡೋಸ್ಕೋಪಿ ಮಾಡಿಸಿದರೆ ಹುಣ್ಣಿಲ್ಲ. ಕ್ಯಾನ್ಸರ್ ಇರಬೇಕೆಂದು ಮನೆಯವರು ಅತ್ತರು, ಮನಸ್ಸಿನ ಕಾಯಿಲೆ ಎಂದು ಇನ್ನೊಬ್ಬರು ಹೇಳಿದರು. ಕಡೆಗೆ ಒಬ್ಬ ವೈದ್ಯರು ‘ಬೀಡಿ ಎಷ್ಟು ವರ್ಷದಿಂದ?’ ಎಂದು ಕೇಳಿ, ಹೊಟ್ಟೆಯ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಎಂಬ ಸ್ಕ್ಯಾನ್ ಬರೆದುಕೊಟ್ಟರು.

ಮಹಾಪಧಮನಿಯಿಂದ ಜಠರ, ಕರುಳುಗಳಿಗೆ ಮೂರು ದೊಡ್ಡ ನಾಳಗಳು ಕವಲೊಡೆಯುತ್ತವೆ. ಒಂದು ಕಟ್ಟಿಕೊಂಡರೆ ಉಳಿದವು ಸಾಮಾನ್ಯವಾಗಿ ಸುಧಾರಿಸಿಕೊಂಡು ಹೋಗುತ್ತವೆ. ಎರಡು ಕಿರಿದಾದಾಗ ತೊಂದರೆ ಮೇಲೆ ಬರುತ್ತದೆ. ಸುಮ್ಮನಿದ್ದಾಗಲೇ ಹೃದಯ ದೂಡುವ ರಕ್ತದ ಸುಮಾರು ಐದನೇ ಒಂದು ಪಾಲು ಹೊಟ್ಟೆಯ ಅಂಗಗಳಿಗೆ ಬೇಕು, ಉಂಡ ಮೇಲೆ ಇನ್ನೂ ಹೆಚ್ಚು. ಆ ಹೆಚ್ಚುವರಿ ರಕ್ತ ಸಿಗದಿದ್ದಾಗ ಕರುಳು ನೋವಿನಿಂದ ಕೂಗುತ್ತದೆ. ಗುಡ್ಡ ಹತ್ತುವಾಗ ಎದೆ ಹಿಡಿದುಕೊಳ್ಳುವವರ ಕಾಯಿಲೆಯೇ ಇದು, ಜಾಗ ಬೇರೆ ಅಷ್ಟೆ. ಮೇಷ್ಟ್ರಿಗೆ ಸ್ಟೆಂಟ್ ಹಾಕಿದರು. ಬೀಡಿ ಬಿಟ್ಟಿದ್ದಾರೆ. ಈಗ ಕಡುಬಿಗೆ ತುಪ್ಪ ಕಡಿಮೆಯಾಯಿತೆಂದು ಬಡಿಸುವವರನ್ನು ಗದರುತ್ತಾರೆ.

ಅವರಿಗೆ ಎಂಟು ತಿಂಗಳ ಸಮಯವಿತ್ತು. ತೋಟದ ಲೈನ್ ಮನೆಯಲ್ಲಿದ್ದ ನಮ್ಮ ಅಕ್ಕನಿಗೆ ಒಂದು ರಾತ್ರಿಯೂ ಸಿಗಲಿಲ್ಲ.

ಅಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದುದು. ಕಾರ್ತಿಕ ದೀಪೋತ್ಸವದ ಹಣತೆಗಳಿಗೆಲ್ಲ ಬತ್ತಿ ಹೊಸೆದುಕೊಡುತ್ತಿದ್ದವರು. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವಿನ ಜ್ವರ ಬಂದು ಹೃದಯದ ವಾಲ್ವ್ ಕಿರಿದಾಗಿತ್ತು, ಬಡಿತ ತಾಳ ತಪ್ಪಿತ್ತು. ಅಂಥ ಹೃದಯದಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗುತ್ತದೆ. ಹಾಗಾಗದಿರಲೆಂದು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು. ಆ ಮಾತ್ರೆಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಬೆನ್ನಿಗಂಟಿಕೊಂಡೇ ಇರುತ್ತದೆ: ಅಂಥವರಿಗೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು, ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆ, ನಿಜ. ಆದರೆ ಹೀಗೆ ವಾಲ್ವ್ ಕಿರಿದಾದವರಿಗೆ ಈಗಲೂ ಹಳೆಯದನ್ನೇ ಕೊಡುತ್ತಾರೆ. ಪರೀಕ್ಷೆಗೆ ಹೋಗುವುದೆಂದರೆ ಅಕ್ಕನಿಗೆ ಒಂದು ದಿನದ ಕೂಲಿ ಹೋದಂತೆ, ಮೇಲೆ ಬಸ್ ಚಾರ್ಜು. ಕಾಫಿ ಕುಯ್ಲು ಜೋರಾಗಿದ್ದ ತಿಂಗಳಲ್ಲಿ ಪರೀಕ್ಷೆಯನ್ನೂ ಬಿಟ್ಟರು, ಮಾತ್ರೆಯನ್ನೂ ಬಿಟ್ಟರು.

ಜನವರಿಯ ಒಂದು ರಾತ್ರಿ ಹತ್ತು ಗಂಟೆಗೆ ಹೊಟ್ಟೆಯಲ್ಲಿ ಕತ್ತಿ ಇಟ್ಟಂಥ ನೋವು. ಒಂದು ವಾಂತಿ, ಒಂದು ಭೇದಿ. ತೋಟದ ಲೆಕ್ಕ ನೋಡುವ ರೈಟರ್ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಎಲ್ಲಿ, ಯಾರು ಎಂದು ಬರೆಯುವುದಿಲ್ಲ. ಯಾಕೆಂದರೆ ಈ ಕಾಯಿಲೆಯ ಮೋಸವೇ ಅದು: ನೋವು ಬೆಟ್ಟದಷ್ಟು, ಕೈಗೆ ಸಿಗುವ ಲಕ್ಷಣ ಎಳ್ಳಿನಷ್ಟು. ಹೊಟ್ಟೆ ಕಲ್ಲಾಗುವ ಹೊತ್ತಿಗೆ ಒಳಗೆ ಕರುಳು ಕೊಳೆಯತೊಡಗಿರುತ್ತದೆ. ಮರುದಿನ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದಾಗ ನೋವು ಶುರುವಾಗಿ 14 ಗಂಟೆ ದಾಟಿತ್ತು. ಡಿಪಾಸಿಟ್ ಹೊಂದಿಸಲು ಇನ್ನೆರಡು ಗಂಟೆ ಹೋಯಿತು. ಆಪರೇಷನ್ ಮಾಡಿದಾಗ ಸಣ್ಣ ಕರುಳಿನ ಬಹುಪಾಲು ಕಪ್ಪಾಗಿತ್ತು. ಮೂರನೇ ದಿನ ಅಕ್ಕ ತೀರಿಕೊಂಡರು.

ಆಮೇಲೆ ನಾವು ಸರ್ಜನ್ ಒಬ್ಬರನ್ನು ಊಟದ ಮನೆಗೆ ಕರೆಸಿ ಎರಡು ಗಂಟೆ ಕೇಳಿಸಿಕೊಂಡೆವು. ಸಣ್ಣ ಕರುಳಿಗೆ ಹೋಗುವ ಮುಖ್ಯ ನಾಳ ಮಹಾಪಧಮನಿಯಿಂದ ಓರೆಯಾಗಿ ಕೆಳಗಿಳಿಯುತ್ತದೆ. ಹೃದಯದಿಂದ ಜಾರಿದ ಹೆಪ್ಪು, ಕೆರೆಯಲ್ಲಿ ತೇಲಿಬಂದ ಕೊರಡು ತೂಬಿನ ಬಾಯಿಗೆ ಸಿಕ್ಕುವಂತೆ, ಅಲ್ಲಿ ಹೋಗಿ ಕೂರುತ್ತದೆ. ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯಲ್ಲಿ ಕರುಳು ಮರಳಿ ಬಾರದ ಸ್ಥಿತಿಗೆ ಹೋಗುತ್ತದೆ. ಇಂಥ ಹಠಾತ್ ತಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ, ತಡವಾದಷ್ಟೂ ಲೆಕ್ಕ ಕೆಡುತ್ತದೆ. ಸಾಮಾನ್ಯ ಹೊಟ್ಟೆ ಸ್ಕ್ಯಾನ್ ಸಾಲದು, ಡೈ ಹಾಕಿ ಮಾಡುವ ಸಿಟಿ ಆಂಜಿಯೋವೇ ಬೇಕು. ಆ ಡೈಯಿಂದ ಕಿಡ್ನಿಗೆ ತೊಂದರೆಯಾದೀತೆಂದು ರಕ್ತದ ರಿಪೋರ್ಟಿಗೆ ಕಾಯುತ್ತಾ ಕೂರಬಾರದು. ಗೊತ್ತಾದ ಕೂಡಲೇ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್, ಸಲೈನ್, ಆಂಟಿಬಯಾಟಿಕ್ ಕೊಡಬೇಕು. ಕರುಳು ಇನ್ನೂ ಜೀವಂತವಿದ್ದರೆ ಕೆಲವರಿಗೆ ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಹೆಪ್ಪನ್ನು ಎಳೆಯಬಹುದು. ಉಳಿದವರಿಗೆ ಹೊಟ್ಟೆ ತೆರೆದು ನಾಳ ಬಿಡಿಸಿ, ಸತ್ತ ಭಾಗ ಕತ್ತರಿಸಬೇಕು. 24ರಿಂದ 48 ಗಂಟೆ ಬಿಟ್ಟು ಮತ್ತೆ ತೆರೆದು ನೋಡಬೇಕಾಗುವುದೂ ಉಂಟು. ಉಳಿದ ಸಣ್ಣ ಕರುಳು ಎರಡು ಮೀಟರಿಗಿಂತ ಕಡಿಮೆಯಾದರೆ ಉಂಡದ್ದು ಮೈಗೆ ಹತ್ತುವುದೇ ಕಷ್ಟ. ಎಲ್ಲವೂ ಹೃದಯದ ಹೆಪ್ಪೇ ಅಲ್ಲ. ಕರುಳಿನಿಂದ ರಕ್ತ ವಾಪಸ್ ಒಯ್ಯುವ ಅಭಿಧಮನಿಯಲ್ಲೂ ಹೆಪ್ಪಾಗುತ್ತದೆ, ಅದು ನಿಧಾನ, ಹೆಚ್ಚಿನವರಿಗೆ ಔಷಧಿಯಲ್ಲೇ ಗುಣವಾಗುತ್ತದೆ.

ಆರು ಗಂಟೆ ಎಂದರೆ ಬೆಂಗಳೂರಿನವರಿಗೆ ಬಹಳ. ಕೊಟ್ಟಿಗೆಹಾರದ ಆಚೀಚೆಯ ತೋಟದಿಂದ ಜೀಪು ಸಿಕ್ಕಿ, ಮೂಡಿಗೆರೆ ತಲುಪಿ, ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರ್, ಹಾಸನಕ್ಕೆ ಅದರ ಎರಡರಷ್ಟು. ಮಂಗಳೂರಿಗೆ ಇಳಿಯೋಣವೆಂದರೆ ಚಾರ್ಮಾಡಿ ಘಾಟಿ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಆ ದಾರಿಯೇ ಬಂದ್ ಆಗಿದ್ದನ್ನು ನೀವೆಲ್ಲ ನೋಡಿದ್ದೀರಿ. ದಾರಿ ಸರಿಮಾಡುವುದು ನಮ್ಮ ಕೈಲಿಲ್ಲ. ದುಡ್ಡಿಗಾಗಿ ಕಾಯುವ ಹೊತ್ತನ್ನು ತಪ್ಪಿಸುವುದು ನಮ್ಮ ಕೈಲಿದೆ. ಕೇಳುತ್ತಿರುವುದು ಅದಕ್ಕೇ.

ಗುರಿ ಐದು ಲಕ್ಷ ರೂಪಾಯಿ. ದೊಡ್ಡ ಪಾಲು ತುರ್ತು ನಿಧಿಗೆ. ರಾತ್ರಿ ಎಷ್ಟು ಹೊತ್ತಿಗೇ ಆಗಲಿ, ತಡೆಯಲಾಗದ ಹೊಟ್ಟೆನೋವಿನವರಿಗೆ ಬಾಡಿಗೆ ಗಾಡಿ, ಸಿಟಿ ಆಂಜಿಯೋ, ಮುಂಗಡ ಸೇರಿ 20,000 ರೂಪಾಯಿ ತನಕ ಕೊಡುತ್ತೇವೆ. ಇಬ್ಬರು ಸದಸ್ಯರು ಫೋನಿನಲ್ಲೇ ಒಪ್ಪಿದರೆ ಸಾಕು, ಅರ್ಜಿ ಬೇಡ. ಕಡೆಗೆ ಅದು ಬರೀ ಗ್ಯಾಸ್ಟ್ರಿಕ್ ಎಂದೇ ಗೊತ್ತಾದರೂ ಹಣ ವಾಪಸ್ ಕೇಳುವುದಿಲ್ಲ. ಹೀಗೆ ಕೊಟ್ಟರೆ ದುರುಪಯೋಗವಾಗುತ್ತದೆ ಎಂದು ಸಭೆಯಲ್ಲಿ ಗೌಡ್ರೊಬ್ಬರು ಆಕ್ಷೇಪಿಸಿದರು. ಆಗಬಹುದು. ಆದರೂ ಹೀಗೇ ಎಂದು ತೀರ್ಮಾನವಾಗಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ, 108 ಪುಕ್ಕಟೆ ಬರುತ್ತದೆ. ಅವೆರಡನ್ನೂ ಮೊದಲು ಬಳಸಲೇಬೇಕು. ನಮ್ಮದು ಆ ಕಾಗದಪತ್ರ ಮುಗಿಯುವ ಮುಂಚಿನ ಖರ್ಚಿಗೆ.

ಉಳಿದದ್ದರಲ್ಲಿ ಬೆರಳಿಗೆ ಚುಚ್ಚಿ ಐಎನ್‌ಆರ್ ನೋಡುವ ಒಂದು ಸಣ್ಣ ಯಂತ್ರ, ಅದಕ್ಕೆ ಒಂದು ವರ್ಷಕ್ಕಾಗುವ ಪರೀಕ್ಷೆಯ ಸ್ಟ್ರಿಪ್‌ಗಳು. ಸಂತೆಯ ದಿನ ಊಟದ ಮನೆಯ ಜಗಲಿಯಲ್ಲಿ ನರ್ಸ್ ಪರೀಕ್ಷೆ ಮಾಡುತ್ತಾರೆ, ಮಾತ್ರೆ ಎಷ್ಟೆಂದು ವೈದ್ಯರು ಫೋನಿನಲ್ಲಿ ಹೇಳುತ್ತಾರೆ. ಅಕ್ಕನಿಗೆ ಇದೊಂದು ಇದ್ದಿದ್ದರೆ ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದ್ದೇನೆ. ಅಂದಹಾಗೆ, ಈ ಮಾತ್ರೆ ತೆಗೆದುಕೊಳ್ಳುವವರು ಕೆಸುವಿನ ಎಲೆಯ ಪತ್ರೊಡೆ ತಿನ್ನಬಾರದೆಂದು ಊರಲ್ಲಿ ಸುದ್ದಿ ಹಬ್ಬಿದೆ. ತಿನ್ನಿ. ಆದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಆಷಾಢದಲ್ಲಿ ದಿನಾ ತಿಂದು ಆಮೇಲೆ ಒಮ್ಮೆಲೇ ಬಿಟ್ಟರೆ ಐಎನ್‌ಆರ್ ಏರುಪೇರಾಗುತ್ತದೆ. ಸೊಪ್ಪು ವರ್ಷವಿಡೀ ಒಂದೇ ಅಳತೆಯಲ್ಲಿರಲಿ.

ದೇಣಿಗೆ ನೂರಾದರೂ ಸರಿ, ಲಕ್ಷವಾದರೂ ಸರಿ. ಕುಯ್ಲು ಮುಗಿದ ಮೇಲೆ ಒಂದು ಚೀಲ ಕಾಫಿ ಕೊಡುತ್ತೇವೆಂದು ಇಬ್ಬರು ಹೇಳಿದ್ದಾರೆ, ಅದೂ ಆಗುತ್ತದೆ. 2,000 ರೂಪಾಯಿಗಿಂತ ಹೆಚ್ಚಿನದನ್ನು ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಿ, ನಗದಾದರೆ ತೆರಿಗೆ ವಿನಾಯಿತಿ ಸಿಗದು. ರಸೀದಿ ದೇವಸ್ಥಾನದ ಕಚೇರಿಯಲ್ಲಿ ಬೆಳಗಿನ ಪೂಜೆಯ ನಂತರ. ಯಾರಿಗೆ ಕೊಟ್ಟೆವೆಂಬ ಹೆಸರು ಹಾಕುವುದಿಲ್ಲ, ಎಷ್ಟು ಕೊಟ್ಟೆವೆಂಬ ಲೆಕ್ಕ ಪ್ರತಿ ಹುಣ್ಣಿಮೆಗೆ ನೋಟಿಸ್ ಬೋರ್ಡಿನಲ್ಲಿರುತ್ತದೆ.

ಮಾಡಿನ ಹಂಚು ಬದಲಿಸುವುದು ಮುಂದಿನ ವರ್ಷಕ್ಕೆ ಹೋಗಿದೆ. ಈ ಮಳೆಗಾಲ ಗರ್ಭಗುಡಿಯ ಮುಂದಿನ ಸೋರುವ ಜಾಗಕ್ಕೆ ಟಾರ್ಪಾಲು ಕಟ್ಟಿಸಿದ್ದೇವೆ. ಭಟ್ಟರು ಒಪ್ಪಿದ್ದಾರೆ.

ಇಂತಿ,
ಕಾರ್ಯದರ್ಶಿ, ದೇವಸ್ಥಾನ ಸೇವಾ ಟ್ರಸ್ಟ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ