ಮನೆಯಿಂದ ಪಾಠ ಮಾಡಿದವರ ಕಷ್ಟ

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ತರಗತಿಗಳು ಮುಚ್ಚಿದ ಮೇಲೆ ವಿಶ್ವವಿದ್ಯಾಲಯಗಳ ಅಧ್ಯಾಪಕರು ಯಾವ ತರಬೇತಿಯೂ ಇಲ್ಲದೆ ಮನೆಯಿಂದಲೇ ಪಾಠ ಮಾಡಬೇಕಾಯಿತು. ನಮ್ಮ ಪಕ್ಕದ ಮನೆಯ ಅಧ್ಯಾಪಕಿ ಜೋಳದ ಡಬ್ಬಿಗೆ ಮೊಬೈಲ್ ಒರಗಿಸಿ, ಸದ್ದು ಅಡ್ಡಬರದಿರಲೆಂದು ಇಲ್ಲಿನ ಮೇ ತಿಂಗಳ ಬಿಸಿಲಿನಲ್ಲೂ ಫ್ಯಾನ್ ಆರಿಸಿ ಪಾಠ ಹೇಳುತ್ತಿದ್ದರು. ‘ಕೇಳಿಸುತ್ತಿದೆಯೇ?’ ಎಂದು ಮತ್ತೆ ಮತ್ತೆ ಕೇಳಿದರೂ ಉತ್ತರವಿರುತ್ತಿರಲಿಲ್ಲ. ಚಿಂಚೋಳಿ ಕಡೆಯ ವಿದ್ಯಾರ್ಥಿಗಳು ಸಿಗ್ನಲ್‌ಗಾಗಿ ಮಾಳಿಗೆ ಹತ್ತಿರುತ್ತಿದ್ದರು. ಎದುರಿಗೆ ಮುಖಗಳೇ ಇಲ್ಲದಿದ್ದರೆ ಯಾರಿಗೆ ಅರ್ಥವಾಯಿತೆಂದು ತಿಳಿಯುವುದಾದರೂ ಹೇಗೆ? ಇಂಥ ಬೋಧನೆಯ ಗುಣಮಟ್ಟವನ್ನು ಹಾಜರಾತಿ ಪಟ್ಟಿಯಿಂದ ಅಳೆಯುವುದು ಅನ್ಯಾಯ. ಆನ್‌ಲೈನ್ ಬೋಧನೆಗೆ ತರಬೇತಿ, ಸಲಕರಣೆ, ಇಂಟರ್‌ನೆಟ್ ವೆಚ್ಚವನ್ನು ಈಗಲೇ ಒದಗಿಸಬೇಕು. ಅತಿಥಿ ಉಪನ್ಯಾಸಕರನ್ನು ದಯವಿಟ್ಟು ಮರೆಯಬೇಡಿ.

–ಒಬ್ಬ ಪೋಷಕ, ಕಲಬುರಗಿ